ಖಾನಾಪುರದ ಚೀರುವ ಕ್ಲಾಸು

ಹೆಣ್ಣುಮಕ್ಕಳಿಗೆ ಧೈರ್ಯ ಕಲಿಸುತ್ತೇನೆಂದು ಹೊರಟವಳ ಬಾಳಿನಲ್ಲಿ ನಗೆಪಾಟಲಿನ ಸಂಗತಿಗಳಿಗೆ ಬರ ಎಂಬುದಿಲ್ಲ. ವಾರಕ್ಕೊಂದಾದರೂ ತಪ್ಪದೆ ನಡೆಯುತ್ತದೆ. ನಡೆಯದ ವಾರ ನಮ್ಮ ಮನೆಯವರೇ, "ಯಾಕ, ಈ ಶನಿವಾರ ಯಾರೂ ಬೀಳಲಿಲ್ಲೇನು?" ಎಂದು ಕಳವಳದಿಂದ ಕೇಳುತ್ತಾರೆ.

ನಾನು ಬೆಳಗಾವಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಸೀಟಿ ಕೊರಳಲ್ಲೇ ಉಳಿಯಿತು, ಊದಿದರೆ ಓಡಲು ಮಕ್ಕಳಿರಲಿಲ್ಲ. ಮನೆಯಲ್ಲಿ ಊದಿದರೆ ನಮ್ಮವರು ಪೇಪರು ಮಡಚಿಕೊಂಡು ಅಂಗಳಕ್ಕೆ ಹೋಗಿ ಕೂರುತ್ತಿದ್ದರು. ಹಾಗಿರುವಾಗ ಖಾನಾಪುರದ ನಾಲ್ಕಾರು ಹೆಣ್ಣುಮಕ್ಕಳು ಬೆಳಗಾವಿ ಕೋಟೆ ರಸ್ತೆಯ ನಮ್ಮ ಮನೆ ಹುಡುಕಿಕೊಂಡು ಬಂದರು. "ಅಕ್ಕಾರ, ನಾವು ಬಸ್ಸಿನ್ಯಾಗ, ಬಜಾರದಾಗ ಒಬ್ಬೊಬ್ಬರ ಅಡ್ಡಾಡಬೇಕಾಗ್ತೈತಿ. ನಮ್ಮನ್ನ ನಾವ ಕಾಯ್ಕೊಳ್ಳೂದು ಒಂದೀಟು ಹೇಳಿಕೊಡ್ರಿ" ಎಂದರು. ನಾನು ಚಪ್ಪಲಿ ಮೆಟ್ಟಿ ಆಗಲೇ ಹೊರಟುಬಿಡುತ್ತಿದ್ದೆ. ಶನಿವಾರದವರೆಗೆ ಕಾಯಿರಿ ಎಂದು ಅವರೇ ಸಮಾಧಾನ ಮಾಡಿದರು.

ಯಾವ ಭಾಷೆಯಲ್ಲಿ ಚೀರುವುದು?

ಖಾನಾಪುರದ ಒಂದು ಸಮುದಾಯ ಭವನದಲ್ಲಿ ಶನಿವಾರ ಮಧ್ಯಾಹ್ನ ನಮ್ಮ ಕ್ಲಾಸು. ಮೊದಲ ದಿನ ಎಲ್ಲರೂ ಸೆರಗು ಬಿಗಿದು, ಇಂದೇ ಯಾರನ್ನಾದರೂ ಕೆಡವಿ ಹೋಗುವವರ ಹಾಗೆ ನಿಂತಿದ್ದರು. ನಾನು ಹೇಳಿದೆ: "ಹೊಡಿಯೂದು ಆಮ್ಯಾಲಿಂದು. ಮೊದಲನೇದು ಬಾಯಿ. ಚೀರ್ರಿ! ನಾಕ ಮಂದಿ ತಿರಗಿ ನೋಡಿದ್ರಂದ್ರ ಅರ್ಧಾ ಕೆಲಸ ಮುಗದಂಗ."

"ಏನಂತ ಚೀರೂದ್ರಿ?" ಎಂದು ಹಿಂದಿನ ಸಾಲಿನಿಂದ ಒಬ್ಬಾಕೆ ಕೇಳಿದಳು.

"ಕಾಪಾಡ್ರೀ ಅನ್ರಿ."

ಮುಂದೆ ನಿಂತಿದ್ದ ಒಬ್ಬ ಮರಾಠಿ ಅಜ್ಜಿ ತಲೆ ಅಲ್ಲಾಡಿಸಿದಳು. "ಅದು ನಮ್ಮ ಗಲ್ಲಿಯೊಳಗ ನಡಿಯೂದಿಲ್ಲ್ರಿ. ಅಲ್ಲಿ 'ವಾಚವಾ' ಅಂದ್ರ ಲಗೂನ ಬರ್ತಾರ."

"ಹಂಗಾರ ಬಜಾರದಾಗ?"

"ಬಜಾರದಾಗ ಎರಡೂ ಅನ್ನಬೇಕು."

"ಮೊದಲ ಯಾವುದು?"

ಇಷ್ಟಾಯಿತೋ ಇಲ್ಲವೋ, ಭವನ ಇಬ್ಭಾಗವಾಯಿತು. ಹೊಸದಾಗಿ ಬಂದ ಕಳ್ಳನಾದರೆ ಅವನಿಗೆ ಯಾವ ಭಾಷೆ ಬರುತ್ತದೋ, ಅದನ್ನು ವಿಚಾರಿಸಿಕೊಂಡು ಚೀರುವುದು ಒಳ್ಳೆಯದು ಎಂದು ಒಬ್ಬಾಕೆ ಸಂಧಾನ ಸೂಚಿಸಿದಳು. ನಾನು ಸೀಟಿ ಊದಿದರೂ ಗದ್ದಲ ನಿಲ್ಲಲಿಲ್ಲ.

ಆಗ ಬಳೆ ಅಂಗಡಿಯ ಚಾಚಿ ಮುಂದೆ ಬಂದಳು. ಅವಳ ಮನೆಯಲ್ಲಿ ಆಡುವುದು ದಖನಿ, ಅಂಗಡಿಯಲ್ಲಿ ಕನ್ನಡ, ಚೌಕಾಸಿಗೆ ಮರಾಠಿ. "ಅರೆ ಅಲ್ಲಾ! ಕಳ್ಳ ಮೈಮ್ಯಾಲ ಬಂದು ನಿಂತಾನ, ನೀವಿನ್ನಾ ಭಾಷಿ ಆರಸಾಕತ್ತೀರಿ. ಚೀರಾಕ ಯಾ ಭಾಷಿ ಬೇಕ್ರೀ?" ಎಂದವಳೇ ಕಣ್ಣು ಮುಚ್ಚಿ "ಆಆಆಆ!" ಎಂದು ಒಂದು ಬಿಟ್ಟಳು. ಕಿಟಕಿಯ ಗಾಜು ನಡುಗಿತು.

ಎದುರಿನ ಚಹಾದಂಗಡಿಯಲ್ಲಿದ್ದ ಗಂಡಸರೆಲ್ಲ ಎದ್ದು ಓಡಿ ಬಂದರು. ಒಬ್ಬನ ಕೈಯಲ್ಲಿ ಅರ್ಧ ತಿಂದ ವಡಾಪಾವ್, ಇನ್ನೊಬ್ಬನ ಕೈಯಲ್ಲಿ ಅಂಗಡಿಯ ಸೌಟು. "ಏನಾತು?" "ಕಾಯ್ ಝಾಲಂ?" "ಕ್ಯಾ ಹುವಾ?" ಎನ್ನುತ್ತ ಮೂರೂ ಭಾಷೆಯವರು ಒಟ್ಟಿಗೇ ನುಗ್ಗಿ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡರು. ನಮ್ಮ ಭಾಷಾ ಸಮಸ್ಯೆ ಅಲ್ಲಿಗೆ ಬಗೆಹರಿಯಿತು.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಚೀರಿದರು. ಹತ್ತಿರದ ಪಾರಿಶ್ವಾಡ ಎಂಬ ಊರಿನಿಂದ ಬರುತ್ತಿದ್ದ ಹುಡುಗಿಯೊಬ್ಬಳ ಸರದಿ ಬಂದಾಗ ಮಾತ್ರ ಭವನ ನಿಶ್ಶಬ್ದವಾಯಿತು. ಬಾಯಿ ತೆರೆದಿದ್ದಾಳೆ, ಕೊರಳ ನರ ಉಬ್ಬಿದೆ, ಸದ್ದಿಲ್ಲ. "ಮತ್ತೊಮ್ಮೆ" ಅಂದೆ. ಬೆಕ್ಕಿನ ಮರಿ ಸೀನಿದಷ್ಟು ಕೇಳಿಸಿತು. ಅವಳಿಗೆ ಬೆಳಗಾವಿಯ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಆಗಷ್ಟೇ ನೌಕರಿ ಸಿಕ್ಕಿತ್ತು. ದಿನಾ ಬೆಳಿಗ್ಗೆ ಅಣ್ಣ ಬೈಕಿನಲ್ಲಿ ಖಾನಾಪುರದವರೆಗೆ ತಂದು ಬಿಡುತ್ತಿದ್ದ, ಅಲ್ಲಿಂದ ಬಸ್ಸು. ತಂದೆತಾಯಿ ಇಲ್ಲದ ಮನೆ, ಸಾಕಿ ಬೆಳೆಸಿದವನು ಅವನೇ. ಕ್ಲಾಸು ಮುಗಿದಾಗ ತಂಗಿಯನ್ನು ಕರೆದೊಯ್ಯಲು ಬಂದವನು ಬಾಗಿಲಲ್ಲೇ ನನ್ನನ್ನು ತಡೆದು ಹೇಳಿದ: "ಅಕ್ಕಾರ, ಈಕಿಗೆ ದನಿ ಬರುವಂಗ ಮಾಡ್ರಿ. ಗದ್ಲದ ಬಸ್ಸಿನ್ಯಾಗ ಯಾವನರ ಕೈ ಹಾಕಿದ್ರ ಈಕಿ ಸತ್ರೂ ಬಾಯಿ ಬಿಡೂದಿಲ್ಲ. ಹಂಗೇನರ ಒಂದ ಸಲ ಆತೋ, ಅವತ್ತ ನೌಕರಿ ಬಂದ್." ಹುಡುಗಿ ನೆಲ ನೋಡುತ್ತಿದ್ದಳು. ಅವಳ ನೌಕರಿ ಈಗ ನನ್ನ ಕೊರಳಿಗೆ ಬಿತ್ತು ಎಂದು ನನಗೆ ಗೊತ್ತಾಯಿತು.

ಮುಂದಿನ ಶನಿವಾರ ಬಸ್ಸಿಳಿದು ಬರುವಾಗ ಚಹಾದಂಗಡಿಯವನು ಕೈ ಮುಗಿದು ಕರೆದ. "ಅಕ್ಕಾರ, ಇವತ್ತ ಚೀರೂದು ಎಷ್ಟ ಗಂಟೆಕ್ಕ್ರಿ? ಆ ಹೊತ್ತಿಗೆ ಒಲಿ ಮ್ಯಾಲ ಹಾಲ ಇಡೂದಿಲ್ಲ."

ಎರಡು ನಮೂನೆಯ ಖಾರ

ಚೀಲದಲ್ಲಿ ಕೈಗೆಟುಕುವ ಹಾಗೆ ಏನಾದರೂ ಇಟ್ಟುಕೊಂಡಿರಬೇಕು, ಖಾರದ ಪುಡಿಯಾದರೂ ಸರಿ ಎಂದು ಒಂದು ವಾರ ಹೇಳಿದೆ. ಹೇಳಬಾರದಿತ್ತು. ಖಾನಾಪುರದ ಹೆಣ್ಣುಮಕ್ಕಳ ಮುಂದೆ ಖಾರದ ಮಾತು ತೆಗೆದ ಮೇಲೆ ಕಳ್ಳನ ನೆನಪು ಯಾರಿಗೂ ಉಳಿಯುವುದಿಲ್ಲ.

ನಮ್ಮಲ್ಲಿ ಒಬ್ಬಾಕೆಯ ತವರು ಕಾಕತಿ. ಬ್ರಿಟಿಷರ ಮೇಲೆ ಕತ್ತಿ ಎತ್ತಿದ ರಾಣಿ ಹುಟ್ಟಿದ ಊರಿನವಳೆಂಬ ಗತ್ತು ಅವಳ ನಡಿಗೆಯಲ್ಲೇ ಇತ್ತು. "ನಮ್ಮೂರ ಹೆಣ್ಣಮಕ್ಕಳಿಗೆ ಯಾರೂ ಕಲಸೂದು ಬೇಕಾಗಿಲ್ಲ್ರಿ, ಸುಮ್ನ ನಿಮಗ ಬ್ಯಾಸರ ಆಗಬಾರದಂತ ಬಂದೀನಿ" ಎಂದು ನನ್ನ ಮೇಲೆ ದಯೆ ತೋರಿಸಿಯೇ ಆಕೆ ಕ್ಲಾಸಿಗೆ ಸೇರಿದ್ದು. ಮುಂದಿನ ವಾರ ಎರಡು ಪೊಟ್ಟಣ ತಂದು ನನ್ನ ಮುಂದಿಟ್ಟಳು.

"ಎರಡ್ಯಾಕ?" ಎಂದೆ.

"ಇದು ಬ್ಯಾಡಗಿ ಮೆಣಸಿನಕಾಯಿದು. ಈ ವರ್ಷದ್ದು, ತೊಟ್ಟು ತಗದು, ಎಣ್ಣಿ ಸವರಿ ಕುಟ್ಟಿಸಿದ್ದು. ಇದು ಊಟಕ್ಕ. ಆ ಹಾಳಾದವನ ಕಣ್ಣಿಗೆ ಇದನ್ಯಾಕ ಹಾಕಿ ಕೆಡಸ್ಲಿ? ಅವನಿಗೆ ಈ ಹಳೇ ಖಾರ ಸಾಕು."

"ಬ್ಯಾಡಗಿದು ಬಣ್ಣ ಅಷ್ಟರಿ, ಅದಕ ಕಣ್ಣ ಉರಿಯೂದಿಲ್ಲ" ಎಂದು ಚಾಚಿ ಆಕ್ಷೇಪ ತೆಗೆದಳು. ಗುಂಟೂರಿನದು ಬೇಕು ಎಂದಳು ಇನ್ನೊಬ್ಬಳು. ಕಣ್ಣು ಉರಿಯುವುದಕ್ಕೆ ಗುಂಟೂರಿನದು, ಮುಖದ ಮೇಲೆ ಬಣ್ಣ ನಿಂತು ಪೊಲೀಸರಿಗೆ ಗುರುತು ಸಿಗುವುದಕ್ಕೆ ಬ್ಯಾಡಗಿ, ಎರಡನ್ನೂ ಸಮಸಮ ಹಾಕಿ ಎಂದು ಮರಾಠಿ ಅಜ್ಜಿ ತೀರ್ಪು ಕೊಟ್ಟಳು. ಅಲ್ಲಿಂದ ಮಾತು ಮಸಾಲಿ ಖಾರಕ್ಕೆ ಹೋಯಿತು, ಬೆಳ್ಳುಳ್ಳಿ ಹುರಿದು ಹಾಕುವುದೋ ಹಸಿಯದೋ ಎಂಬಲ್ಲಿಗೆ ನಿಂತಿತು. ಆ ದಿನ ನಾನು ಕಲಿಸಿದ್ದು ಏನೂ ಇಲ್ಲ. ಮನೆಗೆ ಬಂದು ಮಸಾಲಿ ಖಾರಕ್ಕೆಂದು ಒಣ ಕೊಬ್ಬರಿ ಹುರಿದೆ, ಅಷ್ಟೇ.

ಒಂದು ತಿಂಗಳಾಗಿರಬೇಕು. ಕಾಕತಿಯಾಕೆ ಕ್ಲಾಸಿಗೆ ಬಂದವಳೇ ಗಂಭೀರವಾಗಿ ಹೇಳಿದಳು. "ಅಕ್ಕಾರ, ಖಾರ ಖರ್ಚಾತ್ರಿ. ಬಸ್ಸಿನ್ಯಾಗ."

ಎಲ್ಲರೂ ಅವಳ ಸುತ್ತ ಸೇರಿದರು. ನಾನು ಅವಳ ಎರಡೂ ಕೈ ಹಿಡಿದು ಕೂರಿಸಿದೆ. "ಯಾರ ಬಂದ್ರು? ಎಷ್ಟ ಮಂದಿ ಇದ್ರು? ನಿಮಗೇನ ಆಗಿಲ್ಲಲಾ?"

"ಬಾಜೂಕ ಗಂಡಾ ಹೆಂಡತಿ ಕುಂತಿದ್ರು. ನಾ ಚೀಲ ತಗದ್ನೆಲಾ, ವಾಸನಿ ಬಡೀತು ನೋಡ್ರಿ. 'ಅಕ್ಕಾರ, ಖಾರ ಭಾಳ ಛಲೋ ಐತಿ' ಅಂದ್ರು. ಅವರು ರೊಟ್ಟಿ ತಂದಿದ್ರು."

ನಮ್ಮ ಮನೆಯ ಕಳ್ಳ

ಬಾಯಿಯ ಪಾಠ ಮುಗಿದ ಮೇಲೆ ಕೈಯ ಪಾಠ. ಹಿಡಿದವನಿಂದ ಬಿಡಿಸಿಕೊಳ್ಳುವುದನ್ನು ಕಲಿಸಲು ಹಿಡಿಯುವವನೊಬ್ಬ ಬೇಕು. ನಮ್ಮ ಮನೆಯವರನ್ನು ಕರೆದುಕೊಂಡು ಹೋದೆ. ಕಾಲೇಜಿನ ಗ್ರಂಥಪಾಲಕರಾಗಿದ್ದವರು, ಬಡಪಾಯಿ ಮನುಷ್ಯ. ತಲೆಗೆ ಹೆಲ್ಮೆಟ್ಟು, ಎದೆಗೆ ದಿಂಬು ಕಟ್ಟಿ ನಿಲ್ಲಿಸಿದರೆ ಕಳ್ಳನ ಬದಲು ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವರ ಹಾಗೆ ಕಂಡರು.

ಮೊದಲು ಮರಾಠಿ ಅಜ್ಜಿಯ ಕೈ ಹಿಡಿದರು. ಅಜ್ಜಿ ಎದುರಿಸುವುದನ್ನು ಬಿಟ್ಟು, "ಯಜಮಾನ್ರ, ದಿಂಬ ಕಟ್ಟಿ ಸೆಕಿ ಆಗೂದಿಲ್ಲೇನ್ರಿ?" ಎಂದು ಸೆರಗಿನಿಂದ ಗಾಳಿ ಹಾಕಿದಳು. ಇನ್ನೊಬ್ಬಾಕೆ ಮೊಣಕೈಯಿಂದ ಸರಿಯಾಗಿಯೇ ಕೊಟ್ಟಳು, ಕೊಟ್ಟವಳೇ ಬಾಯಿಗೆ ಕೈ ಇಟ್ಟುಕೊಂಡು, "ಅಯ್ಯ, ಪೆಟ್ಟಾತೇನ್ರಿ ಸರ?" ಎಂದು ಅಲ್ಲೇ ಅವರ ಪಕ್ಕೆ ನೀವತೊಡಗಿದಳು. ಕಳ್ಳನ ಪಕ್ಕೆ ನೀವುತ್ತ ಕೂರುವವರಿಗೆ ಏನೆಂದು ಕಲಿಸಲಿ?

"ಮರ್ಯಾದಿ ಬಿಡ್ರಿ! ಎಲ್ಲಾರೂ ಕೂಡಿ ಚೀರ್ರಿ, ಮ್ಯಾಲ ಬೀಳ್ರಿ!" ಎಂದು ನಾನು ಸಿಟ್ಟಿನಿಂದ ಸೀಟಿ ಊದಿದೆ. ಎಲ್ಲರೂ ಒಮ್ಮೆಲೇ ಚೀರಿಕೊಂಡು ನುಗ್ಗಿದರು. ನಮ್ಮವರು ಬೆದರಿ, ನೌಕರಿಯುದ್ದಕ್ಕೂ ಮಾಡಿದ ಅಭ್ಯಾಸಬಲದಿಂದ ತುಟಿಗೆ ಬೆರಳಿಟ್ಟು "ಶ್ಶ್!" ಎಂದರು. ನುಗ್ಗಿದವರೆಲ್ಲ ಅಲ್ಲಲ್ಲೇ ನಿಂತು ಸುಮ್ಮನಾದರು. ಒಬ್ಬಿಬ್ಬರು ಕೈ ಕಟ್ಟಿಕೊಂಡು ಕೂತೇಬಿಟ್ಟರು.

ಪಾರಿಶ್ವಾಡದ ಹುಡುಗಿಯದು ಬೇರೆಯೇ ಕಥೆ. ಕೈಚಳಕ ಎಲ್ಲರಿಗಿಂತ ಅವಳದೇ ಚಂದ. ಮಣಿಕಟ್ಟು ಎಲ್ಲಿ ತಿರುವಬೇಕು, ಎಲ್ಲಿ ಒತ್ತಬೇಕು ಎಂದು ಒಮ್ಮೆ ತೋರಿಸಿದರೆ ಸಾಕು. ಆದರೆ ತಿರುವುವ ಮೊದಲು "ಬಿಡು!" ಎಂದು ಗದರಬೇಕು, ಅದು ಪಾಠ. ಅವಳು ನಮ್ಮವರ ಮುಖ ನೋಡಿ ಉಸಿರಿನಲ್ಲೇ "ಬಿಡ್ರಿ ಸರ" ಎಂದಳು. ಇವರು ತಟ್ಟನೆ ಬಿಟ್ಟುಬಿಟ್ಟರು.

"ಯಾಕ ಬಿಟ್ರಿ?" ಎಂದೆ.

"ಅಷ್ಟ ಛಂದಂಗ ಕೇಳಿದ್ರ ಹೆಂಗ ಹಿಡಕೊಂಡ ನಿಂದರೂದು?"

"ಖರೇ ಕಳ್ಳ ನಿಮ್ಮಂಗ ಇರೂದಿಲ್ರೀ!"

ನಮ್ಮವರು ಹೆಲ್ಮೆಟ್ಟು ತೆಗೆದು ನನ್ನ ಕೈಗೆ ಕೊಟ್ಟರು. "ಹಂಗಾರ ನೀ ಲಗ್ನದಾಗ ನೋಡಿ ಮಾಡ್ಕೋಬೇಕಾಗಿತ್ತು."

ಸಕ್ಕರೆ ಬಂದ ದಿನ

ಒಂದು ಸಂಜೆ ಖಾನಾಪುರ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಹುಡುಗಿಯನ್ನು ಕೇಳಿದೆ. ದನಿ ಯಾಕೆ ಬರುವುದಿಲ್ಲ, ಕೊರಳಿಗೇನಾದರೂ ತೊಂದರೆಯೇ ಎಂದು. ಅವಳು ಮೆಲ್ಲಗೆ ಹೇಳಿದಳು: "ನಮ್ಮವ್ವಗ ತಲಿಶೂಲಿ ಇತ್ರಿ. ಸಣ್ಣ ಸಪ್ಪಳ ಆದ್ರೂ ತ್ರಾಸ ಆಗ್ತಿತ್ತು. ಅದಕ ಮನ್ಯಾಗ ಯಾರೂ ಜೋರ ಮಾತಾಡ್ತಿರಲಿಲ್ಲ. ಭಾಂಡೆ ಸುದ್ದಾ ಅರಬಿ-ಬಟ್ಟಿ ಹಾಸಿ ಇಡ್ತಿದ್ವಿ. ಅವ್ವ ಹೋಗಿ ಭಾಳ ವರ್ಷ ಆತು. ದನಿ ಮಾತ್ರ ಹಂಗ ಉಳದೈತಿ ನೋಡ್ರಿ."

ವಾರವಾರವೂ ಈ ಮಗುವನ್ನು "ಬಾಯಾಗೇನ ಅವಲಕ್ಕಿ ಐತೇನು?" ಎಂದು ಗದರುತ್ತಿದ್ದವಳು ನಾನು. ಅವಳ ತಲೆ ಸವರಿದೆ. ಅವಳೇ ನನ್ನನ್ನು ಸಮಾಧಾನಪಡಿಸುವಂತೆ ಮುಂದುವರಿಸಿದಳು: "ಲ್ಯಾಬಿನ್ಯಾಗ ಇದ ಛಲೋ ಆಗೇತ್ರಿ. ಸೂಜಿ ನೋಡಿ ಅಳೂ ಹುಡುಗರು ನನ್ನ ಕಡೇನ ಬರ್ತಾವು. ನೌಕರಿ ಬಿಡಸಬ್ಯಾಡಂತ ನೀವರ ಅಣ್ಣಗ ಹೇಳ್ರಿ ಅಕ್ಕಾರ. ಅಲ್ಲಿ ನನ್ನ ಮೇಡಂ ಅಂತಾರ." ಆ ಕಡೆಯ ಮಾತು ಹೇಳುವಾಗ ಅವಳ ಕಿವಿ ಕೆಂಪಾಯಿತು.

ಅಣ್ಣ ಕೆಟ್ಟವನಲ್ಲ. ಹೆದರಿಕೆ ಅಷ್ಟೇ. ಆ ಹೆದರಿಕೆಯಲ್ಲಿ ತಂಗಿಯ ಫೋನಿಗೆ ಯಾರನ್ನೋ ಹಿಡಿದು ಒಂದು ವ್ಯವಸ್ಥೆ ಮಾಡಿಸಿದ್ದ. ಅಪಾಯ ಬಂದರೆ ಬದಿಯ ಗುಂಡಿಯನ್ನು ಪಟಪಟ ಒತ್ತಬೇಕು. ಆಗ ಅವನ ಫೋನು ಕೂಗುತ್ತದೆ, ಅವಳಿರುವ ಜಾಗವನ್ನೂ ತೋರಿಸುತ್ತದೆ. ಒಂದು ಮಧ್ಯಾಹ್ನ ಅವನು ಹೊಲದಲ್ಲಿದ್ದಾಗ ಫೋನು ಕೂಗಿತು. ತಿರುಗಿ ಮಾಡಿದರೆ ತಂಗಿ ಎತ್ತುತ್ತಿಲ್ಲ. ಲ್ಯಾಬಿನಲ್ಲಿ ಕೆಲಸದ ಹೊತ್ತಿಗೆ ಫೋನು ಮುಟ್ಟುವಂತಿಲ್ಲ, ಅದು ಚೀಲದೊಳಗೆ ಊಟದ ಡಬ್ಬಿಗೆ ತಾಗಿ ತನ್ನಷ್ಟಕ್ಕೆ ಒತ್ತಿಕೊಳ್ಳುತ್ತಿತ್ತು.

ಅವನು ಇಬ್ಬರು ಕಾಕಂದಿರನ್ನೂ ಸಿಕ್ಕ ನೆರೆಯವರನ್ನೂ ಟೆಂಪೋದಲ್ಲಿ ತುಂಬಿಕೊಂಡು ಬೆಳಗಾವಿಗೆ ಹಾರಿದ. ಲ್ಯಾಬಿನ ಬಾಗಿಲು ದೂಡಿ, "ಎಲ್ಲಿ ಅವ?" ಎಂದು ಎಲ್ಲರೂ ಒಳಗೆ ನುಗ್ಗಿದರು. ಹುಡುಗಿ ಒಬ್ಬ ದಪ್ಪನೆಯ ಗಿರಾಕಿಯ ತೋಳಿಗೆ ರಬ್ಬರು ಪಟ್ಟಿ ಬಿಗಿಯುತ್ತಿದ್ದಳು. ಆ ಮನುಷ್ಯ ಕೋಲು ಹಿಡಿದ ಪಾರಿಶ್ವಾಡದ ದಂಡನ್ನು ನೋಡಿ, "ನಾ ಏನೂ ಮಾಡಿಲ್ಲ್ರಿ, ಆಕೀನ ನನಗ ಚುಚ್ಚಾಕತ್ತಾಳ!" ಎಂದು ಇನ್ನೊಂದು ಕೈಯನ್ನೂ ಮೇಲೆತ್ತಿದ.

ಲ್ಯಾಬಿನ ಡಾಕ್ಟರಮ್ಮ ವಯಸ್ಸಾದವರು, ಗಟ್ಟಿ ಹೆಂಗಸು. ಸಂಗತಿ ತಿಳಿದು ನಕ್ಕರು. ಅಣ್ಣ ಬೆವರಿ ತೊಯ್ದು ಹೋಗಿದ್ದನ್ನು ನೋಡಿ ಕುರ್ಚಿ ಎಳೆದು ಕೂರಿಸಿ ಬಿಪಿ ನೋಡಿಸಿದರು. ಏರಿತ್ತು. ಬಂದವರು ಬಂದಿದ್ದೀರಿ, ರಕ್ತವನ್ನೂ ತೋರಿಸಿಕೊಂಡು ಹೋಗಿ ಎಂದರು. ಅಣ್ಣ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ ಕೈ ಚಾಚಿದ. ತಂಗಿ ಅದೇ ಮೆಲುದನಿಯಲ್ಲಿ "ಆತಣ್ಣಾ" ಎಂದಾಗ, ಸೂಜಿ ಹೋಗಿ ಬಂದದ್ದೇ ಅವನಿಗೆ ಗೊತ್ತಾಗಿರಲಿಲ್ಲ. ಅವನು ಬಹಳ ಹೊತ್ತು ಅವಳ ಕೈಯನ್ನೇ ನೋಡಿದನಂತೆ.

ಆದರೂ ಹೊರಡುವಾಗ ಹಳೆಯ ಮಾತನ್ನೇ ಆಡಿದ. "ಇವತ್ತಿಂದು ಸುಳ್ಳಾತು, ದೇವರ ದೊಡ್ಡಾವ. ಖರೇ ಆದ ದಿನ ನೌಕರಿ ಬಂದ್, ತಿಳೀತಿಲ್ಲೋ?" ಹುಡುಗಿ ತಲೆ ಆಡಿಸಿದಳು.

ದೊಡ್ಡ ಕಾಕನ ರಕ್ತದಲ್ಲಿ ಮಾತ್ರ ಸಕ್ಕರೆ ಸಿಕ್ಕಿತು. ಅಂದಿನಿಂದ ಅವನ ಮನೆಯಲ್ಲಿ ಚಹಾಕ್ಕೂ ಬೆಲ್ಲವಿಲ್ಲ, ಹೋಳಿಗೆಯೂ ಇಲ್ಲ. ಊರಲ್ಲಿ ಕಂಡಕಂಡವರ ಮುಂದೆ ಅವನದು ಒಂದೇ ತಕರಾರು: "ಆ ಫೋನಿನ ಗುಂಡಿ ಒತ್ತದಿದ್ರ ನನಗ ಸಕ್ಕರಿ ಬರತಿರಲಿಲ್ಲ."

ಶನಿವಾರದ ಬಸ್ಸು

ಶನಿವಾರ ಲ್ಯಾಬು ಅರ್ಧ ದಿನ. ಹುಡುಗಿ, ನಾನು ಒಂದೇ ಬಸ್ಸಿಗೆ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುತ್ತಿದ್ದೆವು. ಆ ದಿನ ಬಸ್ಸು ಕಿಕ್ಕಿರಿದಿತ್ತು. ಬೆಳಗಾವಿ ಬಜಾರದ ಗಂಟುಮೂಟೆ, ಬಾಳೆಯ ಗೊನೆ, ಯಾರದೋ ಮದುವೆಗೆ ಹೊರಟ ಮಂದಿ. ಯಾರೋ ಪುಣ್ಯಾತ್ಮರು ನನ್ನ ನರೆಗೂದಲು ನೋಡಿ ಡ್ರೈವರನ ಹಿಂದಿನ ಸೀಟು ಬಿಟ್ಟುಕೊಟ್ಟರು. ಹುಡುಗಿ ನಡುವೆ ಎಲ್ಲೋ ಕಂಬ ಹಿಡಿದು ನಿಂತಿದ್ದಳು.

ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು. ನಾನು ತಿರುಗಿ ನೋಡಿದೆ. ಜನರ ಹೆಗಲ ನಡುವೆ ಅವಳ ಮುಖ ಕಂಡಿತು. ಬಿಳಿಚಿಹೋಗಿತ್ತು. ಅವಳ ಹಿಂದೆ ಒಬ್ಬ, ಇಸ್ತ್ರಿ ಮಾಡಿದ ಅಂಗಿಯವನು, ಕಿಟಕಿಯ ಹೊರಗೆ ಹೊಲ ನೋಡುತ್ತಿರುವಂತೆ ನಿಂತಿದ್ದ. ಅವಳು ಮುಂದೆ ಸರಿದರೆ ಅವನೂ ಸರಿಯುತ್ತಿದ್ದ. ನನಗೆ ಗೊತ್ತಾಯಿತು. ಎದ್ದು ನಿಂತೆ. ನಡುವೆ ಗಂಟುಮೂಟೆ, ಗೊನೆ, ಜನ; ಒಂದು ಹೆಜ್ಜೆ ಇಡಲಾಗಲಿಲ್ಲ. ಅವಳ ಬಾಯಿ ತೆರೆಯಿತು. ಸದ್ದಿಲ್ಲ. ಮೊದಲ ಕ್ಲಾಸಿನಲ್ಲಿ ನಿಂತ ಹಾಗೆಯೇ ನಿಂತಿದ್ದಳು. ಈ ಹುಡುಗಿಯ ನೌಕರಿ ಹೋಯಿತು ಎಂದುಕೊಂಡೆ. ನಾನಾದರೂ ಚೀರೋಣವೆಂದು ಬಾಯಿ ತೆಗೆದೆ.

ಅಷ್ಟರಲ್ಲಿ ಅವಳ ಕೈ ಹಿಂದಕ್ಕೆ ಹೋಯಿತು. ದಿನಬೆಳಗಾದರೆ ಅವಳ ಕೆಲಸವೇ ಕೈ ಹಿಡಿಯುವುದು. ಕಿತ್ತುಕೊಂಡು ಓಡುವ ಮಕ್ಕಳ ಕೈಯನ್ನೂ ಬಿಡದವಳು. ತಿರುಗಿ ನೋಡದೆಯೇ ಒಂದು ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಎಲ್ಲರ ತಲೆಗಳ ಮೇಲೆ, ಬಸ್ಸಿನ ಸೂರಿಗೆ ತಾಗುವ ಹಾಗೆ ಎತ್ತಿದಳು.

ಮತ್ತು ದನಿ ಬಂತು. ಎಲ್ಲಿತ್ತೋ, ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಒಂದೇ ಸಲಕ್ಕೆ ಬಂತು.

"ಈ ಕೈ ಯಾರದ್ರೀ?"

ಬಸ್ಸಿನಲ್ಲಿ ಬಿದ್ದ ಚೀಲ, ಮರೆತ ಛತ್ರಿ ಸಿಕ್ಕರೆ ನಮ್ಮ ಕಡೆ ಹಾಗೆಯೇ ಎತ್ತಿ ಹಿಡಿದು ಕೇಳುವುದು ವಾಡಿಕೆ. ಡ್ರೈವರ್ ಬ್ರೇಕು ತುಳಿದ. ಬಾಳೆಯ ಗೊನೆ ಉರುಳಿತು. ಅವಳು ಮತ್ತೆ ಕೂಗಿದಳು: "ಈ ಕೈ ಯಾರದ್ರೀ? ಆಗಿಂದ ನನ್ನ ಮೈಮ್ಯಾಲ ಐತಿ! ಯಾರದದ, ಹೇಳ್ರೀ!"

ಮದುವೆಗೆ ಹೊರಟಿದ್ದ ಮುದುಕಿಯೊಬ್ಬಳು ಕನ್ನಡ ಬಾರದವರಿಗೂ ತಿಳಿಯಲೆಂದು ಅದನ್ನೇ ಮರಾಠಿಯಲ್ಲಿ ಕೂಗಿದಳು: "ಹಾ ಹಾತ್ ಕೋಣಾಚಾ ಗಾ?"

ಇಡೀ ಬಸ್ಸು ತಿರುಗಿ ನೋಡಿತು. ಎಲ್ಲರ ಕಣ್ಣೂ ಆ ಕೈಯ ಮೇಲೆ. ಕೈಯ ಕೆಳಗೆ ಇಸ್ತ್ರಿ ಅಂಗಿ, ಅಂಗಿಯ ಮೇಲೆ ಬೆವರುತ್ತಿರುವ ಮುಖ. ಆ ಮನುಷ್ಯ ಗಾಬರಿಯಲ್ಲಿ ಏನು ಹೇಳುತ್ತಿದ್ದೇನೆಂದು ತಿಳಿಯದೆ ಗಟ್ಟಿಯಾಗಿ ಅಂದ:

"ನಂದಲ್ಲ್ರೀ!"

ಕಂಡಕ್ಟರು ಟಿಕೆಟ್ ಯಂತ್ರ ಕಂಕುಳಲ್ಲಿಟ್ಟುಕೊಂಡು ಜನರನ್ನು ಸರಿಸುತ್ತ ಬಂದ. ಕೈಯನ್ನು ನೋಡಿದ. ಮುಖವನ್ನು ನೋಡಿದ. ಸಾವಕಾಶ ಹೇಳಿದ:

"ನಿಂದಲ್ಲಂದ್ರ ಇಲ್ಲೇ ಬಿಟ್ಟ ಇಳಿ."

ನಗೆ ಎದ್ದದ್ದು ಆಮೇಲೆ. ಅಷ್ಟರೊಳಗೆ ಎಡಗಡೆಯ ಮೂರು ಸೀಟಿನವರು ಅವನು ಓಡದ ಹಾಗೆ ಎದ್ದು ಅಡ್ಡ ನಿಂತಿದ್ದರು. ಡ್ರೈವರ್ ಬಸ್ಸನ್ನು ಎಲ್ಲೂ ನಿಲ್ಲಿಸದೆ ನೇರ ಪೊಲೀಸ್ ಠಾಣೆಯ ಮುಂದೆ ತಂದು ನಿಲ್ಲಿಸಿದ. ದೂರು ಕೊಡುತ್ತೀಯೇನಮ್ಮ ಎಂದು ಅಲ್ಲಿ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಹುಡುಗಿ "ಕೊಡ್ತೀನ್ರೀ!" ಎಂದಳು. ಹೊರಗೆ ಬಸ್ಸಿನಲ್ಲಿದ್ದವರಿಗೂ ಕೇಳಿಸಿತು. ಅವರು ಚಪ್ಪಾಳೆ ಹೊಡೆದರು.

ಖಾನಾಪುರದ ನಿಲ್ದಾಣದಲ್ಲಿ ಅಣ್ಣ ಬೈಕಿನ ಪಕ್ಕ ನಿಂತು ಕಾಯುತ್ತಿದ್ದ. ಬಸ್ಸು ತಡವಾಗಿ ಅವನ ಜೀವ ಅರ್ಧವಾಗಿತ್ತು. ಇಳಿದವರೆಲ್ಲ ಅವನನ್ನೇ ಮುತ್ತಿಕೊಂಡು ಎರಡೂ ಭಾಷೆಯಲ್ಲಿ ಒಟ್ಟಿಗೇ ಹೇಳತೊಡಗಿದರು. ಮದುವೆಯ ಮುದುಕಿಯ ಬಾಯಲ್ಲಿ ಆ ಮನುಷ್ಯನ ಕೈ ಮುರಿದೇಹೋಗಿತ್ತು. ಅಣ್ಣನ ಮುಖ ಕಪ್ಪಿಟ್ಟಿತು. ಅವನು ಜನರನ್ನು ದಾಟಿ ಬಂದು ತಂಗಿಯ ಮುಂದೆ ನಿಂತ.

"ಖರೇನ?" ಎಂದ.

ಅವಳು ತಲೆ ಆಡಿಸಿದಳು.

"ನೀನ ಚೀರಿದಿ?"

ಮತ್ತೆ ತಲೆ ಆಡಿಸಿದಳು. ಬಸ್ಸಿನಲ್ಲಿ ಬಂದ ದನಿ ಬಸ್ಸಿನಲ್ಲೇ ಉಳಿಯಿತೇ ಎಂದು ನನಗೆ ದಿಗಿಲಾಯಿತು. ಅಣ್ಣ ಕಣ್ಣು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡಿದ: "ನೋಡವಾ, ಇನ್ನ ಮ್ಯಾಲ..."

"ನೌಕರಿ ಬಿಡೂದಿಲ್ಲಾ!"

ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿತು. ಹೊರಡಲು ನಿಂತಿದ್ದ ಹಳಿಯಾಳದ ಬಸ್ಸಿನವನು ಇಂಜಿನ್ನು ಆರಿಸಿ ಕಿಟಕಿಯಿಂದ ಹೊರಗೆ ತಲೆ ಹಾಕಿದ. ಹುಡುಗಿಯ ಎದೆ ಏರಿ ಇಳಿಯುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಕತ್ತು ಮಾತ್ರ ನೆಟ್ಟಗಿತ್ತು. ನಾನೂ ಅತ್ತೆ, ಅದಕ್ಕೇನು ನಾಚಿಕೆ.

ಅಣ್ಣ ಒಂದು ಕಿವಿಗೆ ಬೆರಳು ಹಾಕಿ ಆಡಿಸಿದ. ಆಮೇಲೆ ಅದೇ ಕೈಯನ್ನು ತಂಗಿಯ ತಲೆಯ ಮೇಲಿಟ್ಟ.

"ಬಿಡು ಅಂತ ಯಾರಂದ್ರಬೇ? ಇನ್ನ ಮ್ಯಾಲ ಬಸ್ ತಡಾ ಆದ್ರ ಒಂದ ಫೋನ್ ಹಚ್ಚು ಅನ್ನಾಕ ಹೊಂಟಿದ್ನಿ. ಫೋನ್ ಬ್ಯಾಡ ತಗಿ. ಬೆಳಗಾವ್ಯಾಗ ನಿಂತ ಒಂದ ಸಲ ಕೂಗು, ಪಾರಿಶ್ವಾಡದಾಗ ಕೇಳಸ್ತೈತಿ."